ಒಂದೇ ಬೆಳೆ ಯಾಕೆ? ಅಕ್ಕಡಿ ಸಾಲೂ ಇರಲಿ!

ಮದುವೆ ಮನೆ, ಮುಂಜಿ ಮನೆ, ಮಕ್ಕಳ ಸ್ಕೂಲ್ ಡೇ... ನಾಲ್ಕು ಜನ ಹೆಂಗಸರು ಸೇರಿದ ಕಡೆ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಏನ್ ಮಾಡ್ಕೊಂಡಿದೀರಾ?’ ಬ್ಯಾಂಕಿನಲ್ಲಿದ್ದೇನೆ, ಟೀಚರ್ ಆಗಿದ್ದೇನೆ ಎಂದರೆ ಕೇಳಿದವರ ಮುಖದಲ್ಲಿ ಒಂದು ಸಮಾಧಾನ. ಅದೇ ನೀವು, ‘ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳ್ತೀನಿ, ಮಧ್ಯಾಹ್ನ ಬ್ಲೌಸ್ ಹೊಲೀತೀನಿ, ಹಬ್ಬ ಬಂದ್ರೆ ಚಕ್ಕುಲಿ ಕೋಡುಬಳೆ ಆರ್ಡರ್ ತಗೋತೀನಿ’ ಎಂದು ಹೇಳಿ ನೋಡಿ! ‘ಓ... ಮನೇಲೇ ಇದೀರಾ?’ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ.

ಇಂಥ ಮಾತು ಹತ್ತು ಸಲ ಕಿವಿಗೆ ಬಿದ್ದರೆ ನಮಗೇ ಅನುಮಾನ ಶುರುವಾಗುತ್ತದೆ. ನನ್ನದು ಯಾವುದೂ ಗಟ್ಟಿ ಇಲ್ಲವೇನೋ, ಎಲ್ಲದರಲ್ಲೂ ಅರೆಬರೆಯೇನೋ ಎಂದು. ಮನೆಯವರೂ ಸುಮ್ಮನಿರುವುದಿಲ್ಲ. ‘ಎರಡು ದೋಣಿ ಮೇಲೆ ಕಾಲಿಟ್ಟರೆ ಹೀಗೇ. ಏನಾದರೂ ಒಂದನ್ನ ನೆಟ್ಟಗೆ ಮಾಡು’ ಎನ್ನುತ್ತಾರೆ. ಆಗಲೇ ಎಷ್ಟೋ ಗೃಹಿಣಿಯರು ಚೆನ್ನಾಗಿ ನಡೆಯುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು ಬಿಟ್ಟು ಕೈಕಟ್ಟಿ ಕೂರುತ್ತಾರೆ. ಕೈಯಲ್ಲಿ ಓಡಾಡುತ್ತಿದ್ದ ನಾಲ್ಕು ಕಾಸೂ ನಿಂತುಹೋಗುತ್ತದೆ. ಮಗಳಿಗೊಂದು ಬಳೆ ಕೊಳ್ಳಬೇಕಾದರೂ, ತವರಿಗೊಮ್ಮೆ ಹೋಗಿ ಬರಬೇಕಾದರೂ ಮತ್ತೆ ಇನ್ನೊಬ್ಬರ ಮುಂದೆ ಕೈಯೊಡ್ಡಬೇಕು.

ನಿಜಕ್ಕೂ ಹಲವು ಕೆಲಸ ಮಾಡುವುದು ತಪ್ಪೇ? ಒಂದೇ ವಿಷಯದಲ್ಲಿ ಪಳಗಿದರೆ ಮಾತ್ರ ಅದು ಕೆರಿಯರ್ರೇ? ಇದಕ್ಕೆ ನಮ್ಮ ರಾಗಿ ಹೊಲದಲ್ಲೇ ಉತ್ತರವಿದೆ.

ಹೊಲ ಕಲಿಸುವ ಪಾಠ

ತುಮಕೂರು, ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆಯ ಊರಿನವರಾಗಿದ್ದರೆ ಅಕ್ಕಡಿ ಸಾಲು ಎಂಬ ಮಾತು ನೀವು ಕೇಳಿರುತ್ತೀರಿ. ಮಳೆ ನಂಬಿದ ರಾಗಿ ಹೊಲದಲ್ಲಿ ರೈತರು ಬರೀ ರಾಗಿ ಹಾಕುವುದಿಲ್ಲ. ನಡುನಡುವೆ ಒಂದೊಂದು ಸಾಲು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಹರಳು ಗಿಡ ಹಾಕುತ್ತಾರೆ. ರಾಗಿ ಕಟಾವಾದ ಮೇಲೂ ಅವರೆ, ತೊಗರಿ ಹೊಲದಲ್ಲಿ ನಿಂತಿರುತ್ತವೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರು ಬಿಡುವ ತೊಗರಿ ಅಷ್ಟಿಷ್ಟು ಕೈಗೆ ಬರುತ್ತದೆ. ಬೇಳೆಕಾಳಿನ ಗಿಡಗಳು ಮಣ್ಣಿಗೆ ಸಾರಜನಕ ಸೇರಿಸುವುದರಿಂದ ಭೂಮಿಗೂ ಒಳ್ಳೆಯದು. ಮನೆಗೆ ಹಿಟ್ಟು, ಬೇಳೆ, ಎಣ್ಣೆ ಎಲ್ಲ ಒಂದೇ ಹೊಲದಿಂದ!

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಕ್ಕಡಿ ಎಂದರೆ ಸಿಕ್ಕಿದ್ದನ್ನೆಲ್ಲ ಸಿಕ್ಕಲ್ಲಿ ಎರಚುವುದಲ್ಲ. ಮುಖ್ಯ ಬೆಳೆ ರಾಗಿಯೇ. ಅದಕ್ಕೆ ಹೊಂದುವ ಬೆಳೆ ಮಾತ್ರ ಪಕ್ಕದ ಸಾಲಿಗೆ. ಕಟಾವಿನ ಕಾಲವೂ ಬೇರೆ ಬೇರೆ. ಈ ಮೂರು ಮಾತು ನೆನಪಿಟ್ಟುಕೊಂಡರೆ ಹಲವು ಕೆಲಸದ ಕೆರಿಯರ್ ಕಟ್ಟುವುದು ಹೇಗೆ ಎಂಬುದು ಅರ್ಧ ತಿಳಿದಂತೆಯೇ.

ನಮಗಿಂತ ಮುಂಚೆ ನಡೆದವರು

ಇದೇನು ಹೊಸ ಕಾಲದ ಶೋಕಿ ಎಂದುಕೊಳ್ಳಬೇಡಿ. ನೂರು ವರ್ಷಕ್ಕೂ ಹಿಂದೆ ನಂಜನಗೂಡಿನ ತಿರುಮಲಾಂಬ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಹೆಣ್ಣುಮಕ್ಕಳು ಹೊಸ್ತಿಲು ದಾಟುವುದೇ ಕಷ್ಟವಿದ್ದ ಆ ಕಾಲದಲ್ಲಿ ಅವರು ಕಾದಂಬರಿ, ನಾಟಕ ಬರೆದರು. ಬರೆದು ಸುಮ್ಮನಾಗದೆ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆ ಶುರುಮಾಡಿ ಪ್ರಕಾಶಕಿಯಾದರು. ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿ ಸಂಪಾದಕಿಯೂ ಆದರು. ಲೇಖಕಿ, ಪ್ರಕಾಶಕಿ, ಸಂಪಾದಕಿ - ಮೂರು ಕೆಲಸ. ಆದರೆ ಒಂದಕ್ಕೊಂದು ಕೈಹಿಡಿದ ಕೆಲಸ ಅಲ್ಲವೇ?

ಇನ್ನೊಬ್ಬರು ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಇವರದೂ ಬಾಲ್ಯವಿವಾಹ, ಬಾಲವೈಧವ್ಯ. ಆಮೇಲೆ ಓದಿದರು, ಮರುಮದುವೆಯಾದರು. ನಾಟಕದಲ್ಲಿ, ಮೂಕಿ ಚಿತ್ರದಲ್ಲಿ ನಟಿಸಿದರು. 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು. ದೇಶ ವಿಭಜನೆಯಾದಾಗ ನಿರಾಶ್ರಿತರಿಗಾಗಿ ಸಹಕಾರ ಸಂಘ ಕಟ್ಟಿದರು. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿ ಕೈಕಸುಬಿನವರಿಗೆ ಮಾರುಕಟ್ಟೆ ಒದಗಿಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. ಇವರನ್ನು ನಟಿ ಎನ್ನಬೇಕೋ, ರಾಜಕಾರಣಿ ಎನ್ನಬೇಕೋ, ಸಂಘಟಕಿ ಎನ್ನಬೇಕೋ? ಯಾವ ಒಂದು ಹೆಸರೂ ಸಾಲದು. ಆದರೂ ಅವರ ಬದುಕನ್ನು ಅರೆಬರೆ ಎನ್ನಲು ಯಾರಿಗೆ ಬಾಯಿ ಬಂದೀತು?

ಶಿವರಾಮ ಕಾರಂತರಂತೂ ತಮ್ಮ ಆತ್ಮಕಥೆಗೇ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟವರು. ಕಾದಂಬರಿ, ಯಕ್ಷಗಾನ, ಮಕ್ಕಳ ವಿಶ್ವಕೋಶ, ಪರಿಸರ ಹೋರಾಟ... ಅವರು ಕೈಹಾಕದ ಕ್ಷೇತ್ರವೇ ಕಡಿಮೆ. ಗಂಡಸರು ಹತ್ತು ಕೆಲಸ ಮಾಡಿದರೆ ಬಹುಮುಖ ಪ್ರತಿಭೆ, ನಾವು ಮಾಡಿದರೆ ಟೈಂಪಾಸ್! ಈ ಲೆಕ್ಕವನ್ನು ಮೊದಲು ತಲೆಯಿಂದ ತೆಗೆದುಹಾಕೋಣ.

ನಮ್ಮ ವರ್ಷಕ್ಕೊಂದು ಪಂಚಾಂಗ

ನಾವೆಲ್ಲ ಅಷ್ಟು ದೊಡ್ಡವರಾಗಬೇಕಿಲ್ಲ. ಮನೆಯಲ್ಲೇ ಕೂತು ನಮ್ಮ ಒಂದು ವರ್ಷದ ಲೆಕ್ಕ ಹಾಕಿ ನೋಡೋಣ.

ಟ್ಯೂಷನ್ ಹೇಳುವವರಿಗೆ ಜೂನ್‌ನಿಂದ ಮಾರ್ಚ್‌ವರೆಗೆ ಕೈತುಂಬ ಕೆಲಸ. ಏಪ್ರಿಲ್, ಮೇ ಖಾಲಿ. ಆದರೆ ಆ ಎರಡು ತಿಂಗಳೇ ಮಾವಿನಕಾಯಿ ಉಪ್ಪಿನಕಾಯಿಗೆ, ಹಪ್ಪಳ ಸಂಡಿಗೆಗೆ ಹದವಾದ ಬಿಸಿಲು. ಬ್ಲೌಸ್ ಹೊಲಿಯುವವರಿಗೆ ಮದುವೆ ಸೀಸನ್ನಿನಲ್ಲಿ ಊಟಕ್ಕೂ ಪುರಸೊತ್ತಿಲ್ಲ. ಆಷಾಢ ಬಂತೆಂದರೆ ಮಷಿನ್ ಮೇಲೆ ಧೂಳು. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಆಮೇಲೆ ಗೌರಿ ಹಬ್ಬ ಬಂದಾಗ ಮತ್ತೆ ಸಾಲು. ಧನುರ್ಮಾಸದಲ್ಲಿ ಮದುವೆ ಇಲ್ಲ, ಹೊಲಿಗೆ ಕಡಿಮೆ. ಆದರೆ ಸಂಕ್ರಾಂತಿಯ ಎಳ್ಳುಬೆಲ್ಲ, ಸಕ್ಕರೆ ಅಚ್ಚಿಗೆ ಬೇಡಿಕೆ ಬರುವುದು ಆಗಲೇ!

ನೋಡಿದಿರಾ? ಒಂದೇ ಕೆಲಸ ನಂಬಿದರೆ ವರ್ಷದಲ್ಲಿ ಎರಡು ಮೂರು ತಿಂಗಳು ಪರ್ಸ್ ಖಾಲಿ. ಕಟಾವಿನ ಕಾಲ ಬೇರೆಯಿರುವ ಎರಡು ಮೂರು ಕೆಲಸ ಜೋಡಿಸಿಕೊಂಡರೆ ವರ್ಷಪೂರ್ತಿ ಅಷ್ಟಿಷ್ಟು ಹರಿದುಬರುತ್ತದೆ. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಇದರ ಬೆಲೆ ಎಲ್ಲರಿಗೂ ತಿಳಿಯಿತು. ಮದುವೆ ನಿಂತವು. ಮೇಕಪ್, ಮೆಹಂದಿ, ಡೆಕೊರೇಷನ್, ಅಡುಗೆ ಕಾಂಟ್ರಾಕ್ಟ್ ಎಲ್ಲ ಒಟ್ಟಿಗೇ ಮಲಗಿದವು. ಅದೊಂದನ್ನೇ ನಂಬಿದ್ದವರ ಪಾಡು ಯಾರಿಗೂ ಬೇಡ. ಅದೇ ಹೊಲಿಗೆ ಮಷಿನ್ ಇದ್ದವರು ಬಟ್ಟೆ ಮಾಸ್ಕ್ ಹೊಲಿದರು, ಪಾಠ ಹೇಳಬಲ್ಲವರು ಮೊಬೈಲಿನಲ್ಲೇ ಕ್ಲಾಸ್ ತೆಗೆದುಕೊಂಡರು. ದೊಡ್ಡ ಸಂಪಾದನೆ ಆಗದಿದ್ದರೂ ಮನೆ ನಡೆಯಿತು.

ಎಲ್ಲರಿಗೂ ಇದೇ ದಾರಿಯೇ?

ಖಂಡಿತ ಅಲ್ಲ. ಡಾಕ್ಟರು, ಲೆಕ್ಕ ಪರಿಶೋಧಕರು, ಸಂಗೀತ ವಿದುಷಿಯರು - ಇವರಿಗೆಲ್ಲ ಒಂದೇ ವಿದ್ಯೆಯಲ್ಲಿ ಆಳಕ್ಕಿಳಿಯಲೇಬೇಕು. ನಮ್ಮ ಹೃದಯದ ಆಪರೇಷನ್ ಮಾಡುವವರು ಬೆಳಗ್ಗೆ ಕೇಟರಿಂಗ್, ಸಂಜೆ ಸರ್ಜರಿ ಎಂದರೆ ನಾವೇ ಎದ್ದು ಓಡುತ್ತೇವಲ್ಲ! ನಿಮ್ಮ ಮಗಳು ಒಂದೇ ವಿಷಯದ ಹುಚ್ಚು ಹಿಡಿಸಿಕೊಂಡು ಓದುತ್ತಿದ್ದರೆ ಅವಳನ್ನು ಎಳೆದು ತರಬೇಡಿ.

ಆದರೆ ಮಗು ಹುಟ್ಟಿದಾಗ ಕೆಲಸ ಬಿಟ್ಟವರು, ಗಂಡನಿಗೆ ವರ್ಗವಾದಾಗೆಲ್ಲ ಊರು ಬದಲಿಸಿದವರು, ಅತ್ತೆ ಮಾವನ ಆರೈಕೆಗೆಂದು ಮನೆಯಲ್ಲಿ ಉಳಿದವರು - ನಮ್ಮ ಮುಂದೆ ‘ಇಪ್ಪತ್ತು ವರ್ಷ ಒಂದೇ ಕಚೇರಿ’ ಎಂಬ ದಾರಿ ಇಲ್ಲ. ಇಲ್ಲದ ದಾರಿಗೆ ಕೊರಗುವುದಕ್ಕಿಂತ ಇರುವ ತುಂಡು ತುಂಡು ವೇಳೆಯನ್ನು ಜೋಡಿಸಿಕೊಳ್ಳುವುದು ಜಾಣತನ. ನಾನೂ ಬಿ.ಎ. ಮುಗಿಸಿ ಮನೆ ಸಂಭಾಳಿಸುತ್ತಾ ಒಂದಿಷ್ಟು ಲೇಖನ, ಒಂದಿಷ್ಟು ಅನುವಾದ, ಸಂಜೆ ನಾಲ್ಕು ಮಕ್ಕಳಿಗೆ ಕನ್ನಡ ಪಾಠ ಎಂದು ಮಾಡಿಕೊಂಡಿರುವವಳೇ. ಮೂರಕ್ಕೂ ಬಂಡವಾಳ ಒಂದೇ, ಭಾಷೆ.

ಗುಟ್ಟು ಇರುವುದೂ ಅಲ್ಲೇ. ನೀವು ಆರಿಸುವ ಕೆಲಸಗಳ ನಡುವೆ ಏನಾದರೂ ಒಂದು ನಂಟಿರಲಿ. ಒಂದೋ ವಿದ್ಯೆ ಒಂದೇ ಆಗಿರಬೇಕು, ಇಲ್ಲವೇ ಸಾಮಾನು ಒಂದೇ ಆಗಿರಬೇಕು, ಇಲ್ಲವೇ ಗಿರಾಕಿಗಳು ಒಂದೇ ಆಗಿರಬೇಕು. ಬ್ಲೌಸ್ ಹೊಲಿಸಲು ಬರುವವರೇ ಸೀರೆಗೆ ಕುಚ್ಚು ಹಾಕಿಸುತ್ತಾರೆ, ಫಾಲ್ ಹೊಲಿಸುತ್ತಾರೆ. ಟ್ಯೂಷನ್ನಿಗೆ ಮಕ್ಕಳನ್ನು ಬಿಡಲು ಬರುವ ಅಮ್ಮಂದಿರೇ ನಿಮ್ಮ ಕೋಡುಬಳೆಯ ಮೊದಲ ಗಿರಾಕಿಗಳು. ಹೀಗಿದ್ದರೆ ಪ್ರತಿ ಕೆಲಸಕ್ಕೂ ಹೊಸದಾಗಿ ಜನ ಹುಡುಕುವ ತಾಪತ್ರಯ ಇಲ್ಲ. ನಂಟೇ ಇಲ್ಲದ ನಾಲ್ಕು ಕೆಲಸ ಹಿಡಿದರೆ ಮಾತ್ರ ಆ ಎರಡು ದೋಣಿಯ ಗಾದೆ ನಿಜವಾಗುತ್ತದೆ.

ಪೆನ್ನು ಹಿಡಿದು ಲೆಕ್ಕ ಹಾಕಿ

ಯಾವುದು ರಾಗಿ, ಯಾವುದು ಅಕ್ಕಡಿ ಎಂದು ಗೊತ್ತಾಗುವುದು ಹೇಗೆ? ಲೆಕ್ಕ ಬರೆದರೆ ಮಾತ್ರ. ಒಂದು ಉದಾಹರಣೆ ನೋಡಿ.

ಐದು ಕೆಜಿ ಚಕ್ಕುಲಿ ಆರ್ಡರ್. ಕೆಜಿಗೆ 400 ರೂಪಾಯಿಯಂತೆ 2000 ರೂಪಾಯಿ ಬಂತು. ಹಿಟ್ಟು, ಎಣ್ಣೆ, ಬೆಣ್ಣೆ, ಗ್ಯಾಸಿಗೆ 1100 ಹೋಯಿತು. ಪ್ಯಾಕಿಂಗು, ಆಟೋಗೆ 150. ಉಳಿದದ್ದು 750. ಒಟ್ಟು ಆರು ಗಂಟೆ ಕೆಲಸ. ಗಂಟೆಗೆ 125 ರೂಪಾಯಿ ಬಿತ್ತು.

ಬ್ಲೌಸಿಗೆ 450 ರೂಪಾಯಿ. ಲೈನಿಂಗ್, ದಾರ, ಹುಕ್ಕು, ಕರೆಂಟಿಗೆ 90. ಉಳಿದ 360ಕ್ಕೆ ಮೂರು ಗಂಟೆ ಕೆಲಸ. ಗಂಟೆಗೆ 120.

ಆರು ಮಕ್ಕಳಿಗೆ ಟ್ಯೂಷನ್, ತಲಾ 800ರಂತೆ ತಿಂಗಳಿಗೆ 4800. ದಿನಕ್ಕೊಂದು ಗಂಟೆ, ತಿಂಗಳಿಗೆ 24 ದಿನ. ಗಂಟೆಗೆ 200!

ಚಕ್ಕುಲಿಯ 2000 ಒಟ್ಟಿಗೆ ಕೈಗೆ ಬಂದಾಗ ಅದೇ ದೊಡ್ಡದು ಅನಿಸಿರುತ್ತದೆ. ಬರೆದು ನೋಡಿದಾಗ ಈ ಮನೆಯ ರಾಗಿ ಟ್ಯೂಷನ್ ಎಂದು ತಿಳಿಯಿತು. ನಿಮ್ಮ ಲೆಕ್ಕ ಬೇರೆ ಬರಬಹುದು, ಊರಿಂದ ಊರಿಗೆ ರೇಟೂ ಬೇರೆ. ಆದರೆ ಮೂರು ತಿಂಗಳು ಹಟ ಹಿಡಿದು ಬರೆಯಿರಿ. ಪ್ರತಿ ಕೆಲಸಕ್ಕೂ ಬೇರೆ ಪುಟ. ಬಂದದ್ದು, ಹೋದದ್ದು, ಹಿಡಿದ ಗಂಟೆ - ಮೂರು ಕಾಲಂ ಸಾಕು. ಮುಖ್ಯ ಕೆಲಸಕ್ಕೆ ದಿನದ ಒಳ್ಳೆಯ ಹೊತ್ತು ಕೊಡಿ. ಮೂರು ತಿಂಗಳಾದರೂ ಗಂಟೆಗೆ ಮೂವತ್ತು ನಲವತ್ತು ರೂಪಾಯಿ ದಾಟದ ಕೆಲಸವಿದ್ದರೆ ಒಂದೋ ರೇಟು ಏರಿಸಿ, ಇಲ್ಲ ಮುಲಾಜಿಲ್ಲದೆ ಬಿಡಿ. ‘ಪಾಪ, ಪಕ್ಕದ ಮನೆಯವರು ಕೇಳ್ತಾರೆ’ ಎಂದು ವರ್ಷಗಟ್ಟಲೆ ದುಡಿಯುವುದು ಉಪಕಾರವಾದೀತೇ ಹೊರತು ಕೆಲಸವಲ್ಲ.

ಹೊಸದನ್ನು ಸೇರಿಸುವಾಗಲೂ ಆತುರ ಬೇಡ. ಒಂದು ಕೆಲಸ ನಿಮ್ಮ ಕೈಗೆ ಹೊಂದಿ, ಗಿರಾಕಿ ತಾವಾಗಿ ಬರಲು ಶುರುವಾದ ಮೇಲೆ ಇನ್ನೊಂದು. ಒಂದು ಮುಖ್ಯ, ಎರಡು ಅಕ್ಕಡಿ - ಮನೆಗೆಲಸದ ಜೊತೆ ಹೆಚ್ಚಿನವರಿಗೆ ಇಷ್ಟೇ ಸಾಕು.

ಕಾಗದಪತ್ರ ಸರಿಯಿರಲಿ

ಸಣ್ಣ ಕೆಲಸ ತಾನೇ ಎಂದು ಉದಾಸೀನ ಬೇಡ. ಮೊದಲು ನಿಮ್ಮ ಹೆಸರಿನಲ್ಲೇ ಒಂದು ಬ್ಯಾಂಕ್ ಖಾತೆ, ಕೆಲಸದ ಹಣಕ್ಕೆಂದೇ ಇರಲಿ. 2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ? ಅಣ್ಣ ಕಳಿಸಿದ ಹಣ, ಚೀಟಿ ಹಣ, ವ್ಯಾಪಾರದ ಹಣ ಎಲ್ಲ ಒಂದೇ ಖಾತೆಯಲ್ಲಿ ಕಲಸಿಹೋದರೆ ಬಿಡಿಸಿ ಹೇಳುವುದು ಕಷ್ಟ. ಸಾಮಾನ್ಯವಾಗಿ ಸೇವೆ ಒದಗಿಸುವವರಿಗೆ ವರ್ಷಕ್ಕೆ 20 ಲಕ್ಷ, ಬರೀ ಸರಕು ಮಾರುವವರಿಗೆ 40 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನಮ್ಮಲ್ಲಿ ಬಹುತೇಕರು ಅದರ ಹತ್ತಿರಕ್ಕೂ ಹೋಗುವುದಿಲ್ಲ ಬಿಡಿ. ಆದರೆ ಹಲವು ಕೆಲಸ ಮಾಡುವವರು ಒಂದು ಮಾತು ತಿಳಿದಿರಬೇಕು: ಒಂದೇ ಪ್ಯಾನ್ ಸಂಖ್ಯೆಯಡಿ ಎಲ್ಲ ಕೆಲಸದ ವಹಿವಾಟೂ ಸೇರಿಯೇ ಲೆಕ್ಕ.

ತಿಂಡಿ, ಉಪ್ಪಿನಕಾಯಿ ಮಾರುವುದಿದ್ದರೆ ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಪ್ಯಾಕೆಟ್ ಮೇಲೆ ಆ ಸಂಖ್ಯೆ ಇದ್ದರೆ ಅಂಗಡಿಯವರೂ ನಂಬಿ ತೆಗೆದುಕೊಳ್ಳುತ್ತಾರೆ. 2020ರ ಜುಲೈಯಿಂದ ಇರುವ ಉದ್ಯಮ್ ನೋಂದಣಿ ಉಚಿತ, ಆಧಾರ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ. ಹೊಲಿಗೆ, ತಿಂಡಿ ತಯಾರಿಕೆ ಹೀಗೆ ಹಲವು ಚಟುವಟಿಕೆಗಳನ್ನು ಒಂದೇ ನೋಂದಣಿಯಲ್ಲಿ ಸೇರಿಸಬಹುದು. ಮುಂದೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಇದು ನೆರವಿಗೆ ಬರುತ್ತದೆ.

ಪಿಎಫ್ ಇಲ್ಲ, ಪೆನ್ಷನ್ ಇಲ್ಲ... ಆಗ?

ಇದೇ ಈ ದಾರಿಯ ದೊಡ್ಡ ಕೊರತೆ. ಕಚೇರಿಯಲ್ಲಿದ್ದವರಿಗೆ ಸಂಬಳದಲ್ಲೇ ಪಿಎಫ್ ಕಡಿತವಾಗುತ್ತದೆ, ರಜೆಗೂ ಸಂಬಳ ಬರುತ್ತದೆ. ನಮಗೆ ಜ್ವರ ಬಂದರೆ ಆ ದಿನದ ದುಡಿಮೆ ಇಲ್ಲ. ಹಾಗಾಗಿ ನಮ್ಮ ಪಿಎಫ್ ನಾವೇ ಕಟ್ಟಿಕೊಳ್ಳಬೇಕು. ಅಂಚೆ ಕಚೇರಿಯಲ್ಲಿ ಅಥವಾ ಬ್ಯಾಂಕಿನಲ್ಲಿ ಪಿಪಿಎಫ್ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ ರೂಪಾಯಿ, ಅವಧಿ 15 ವರ್ಷ. ತಿಂಗಳಿಗೆ ಸಾವಿರದಂತೆ ಹಾಕಿದರೂ ನಿಮ್ಮದೇ ಒಂದು ಗಂಟು ಬೆಳೆಯುತ್ತದೆ. ರಾಷ್ಟ್ರೀಯ ಪಿಂಚಣಿ ಯೋಜನೆಯೂ 2009ರಿಂದ ನೌಕರರಲ್ಲದವರಿಗೂ ತೆರೆದಿದೆ. ಮದುವೆಗೆ ಮುಂಚೆ ಎಲ್ಲೋ ಕೆಲಸ ಮಾಡಿ ಬಿಟ್ಟಿದ್ದರೆ ಹಳೆಯ ಪಿಎಫ್ ಖಾತೆ ಏನಾಗಿದೆ ಎಂದು ಒಮ್ಮೆ ವಿಚಾರಿಸಿ. ಅದು ನಿಮ್ಮ ಬೆವರಿನ ಹಣ, ಯಾಕೆ ಬಿಡಬೇಕು? ಆರೋಗ್ಯ ವಿಮೆಯಲ್ಲಿ ನಿಮ್ಮ ಹೆಸರು ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಮನೆಯವರ ಪಾಲೂ ಇದೆ

ಹಲವು ಕೆಲಸ ಎಂದರೆ ಮನೆಗೆಲಸದ ಮೇಲೆ ಇನ್ನಷ್ಟು ಹೊರೆ ಎಂದಾಗಬಾರದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಸಂಬಳವಿಲ್ಲದೆ ದುಡಿಯುತ್ತಾರೆ. ಕೈಹಾಕುವ ಗಂಡಸರು 88 ನಿಮಿಷ. ಅಂದರೆ ನಮ್ಮ ದಿನದಲ್ಲಿ ಹತ್ತಿರ ಹತ್ತಿರ ಐದು ಗಂಟೆ ಮೊದಲೇ ಬುಕ್ ಆಗಿದೆ! ಉಳಿದದ್ದರಲ್ಲಿ ಮೂರು ಕೆಲಸ ಮಾಡಹೊರಟರೆ ಮೈ ಉಳಿಯುವುದಿಲ್ಲ.

ಆದ್ದರಿಂದ ಲೆಕ್ಕದ ಪುಸ್ತಕವನ್ನು ಮನೆಯವರ ಮುಂದೆ ಬಿಚ್ಚಿಡಿ. ‘ಸಂಜೆ ಐದರಿಂದ ಆರು ನನ್ನ ಪಾಠದ ಹೊತ್ತು, ಆಗ ಕಾಫಿ ನೀವೇ ಮಾಡಿಕೊಳ್ಳಿ’ ಎಂದು ಹೇಳಿಬಿಡಿ. ಮೊದಲ ವಾರ ಮುಖ ಸಿಂಡರಿಸಿದರೂ ತಿಂಗಳ ಕೊನೆಗೆ ಸ್ಕೂಲ್ ವ್ಯಾನ್ ಫೀಸು ನಿಮ್ಮ ಖಾತೆಯಿಂದ ಹೋದಾಗ ಅಭ್ಯಾಸವಾಗುತ್ತದೆ. ಮಗನಿಗೂ ಒಂದು ಲೋಟ ತೊಳೆಯಲು ಕಲಿಸಿದಂತಾಯಿತು.

ಬಯೋಡೇಟಾದಲ್ಲಿ ಏನು ಬರೆಯೋದು?

ಮಕ್ಕಳು ದೊಡ್ಡವರಾದ ಮೇಲೆ ಕೆಲಸಕ್ಕೆ ಅರ್ಜಿ ಹಾಕುವಾಗ ‘2012ರಿಂದ ಗೃಹಿಣಿ’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಹಾಗೆ ಬೇಡ. ಇಸವಿಯ ಪ್ರಕಾರ ಬರೆಯುವ ಬದಲು ಕೌಶಲದ ಪ್ರಕಾರ ಬರೆಯಿರಿ. ‘ಎಂಟು ವರ್ಷ, ಒಟ್ಟು ನಲವತ್ತು ಮಕ್ಕಳಿಗೆ ಪಾಠ’, ‘ಹಬ್ಬದ ಸಮಯದಲ್ಲಿ ಐವತ್ತು ಕೆಜಿವರೆಗಿನ ಆರ್ಡರ್ ನಿಭಾಯಿಸಿದ ಅನುಭವ’, ‘ವರ್ಷದ ಲೆಕ್ಕಪತ್ರ ಸ್ವತಃ ಬರೆಯುತ್ತೇನೆ’ - ಹೀಗೆ. ಇದ್ದದ್ದನ್ನೇ ಬರೆಯಿರಿ, ಆದರೆ ಪೂರ್ತಿ ಬರೆಯಿರಿ. ಸಮಯ ಪಾಲಿಸುವುದು, ಗಿರಾಕಿಯ ಜೊತೆ ಮಾತಾಡುವುದು, ಹಣ ವಸೂಲಿ ಮಾಡುವುದು - ಕಚೇರಿಗಳು ಕೇಳುವುದೂ ಇದನ್ನೇ ಅಲ್ಲವೇ?

ಓದಿನ ಆಸೆ ಇದ್ದರೆ ಅದಕ್ಕೂ ದಾರಿಯಿದೆ. ಇಗ್ನೋ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಗಳಲ್ಲಿ ಮನೆಯಿಂದಲೇ ಓದಬಹುದು. ಓದಿದ್ದು ಬಿ.ಎ., ಈಗ ಕಂಪ್ಯೂಟರ್ ಯಾಕೆ ಎಂದು ಅಳುಕಬೇಡಿ. ಹೊಲಕ್ಕೆ ಇನ್ನೊಂದು ಸಾಲು ಬಿತ್ತಿದಂತೆ ಅಷ್ಟೇ.

ಇವಿಷ್ಟು ನೆನಪಿರಲಿ

* ಮುಖ್ಯ ಕೆಲಸ ಒಂದೇ ಇರಲಿ, ಉಳಿದವು ಅದಕ್ಕೆ ಹೊಂದುವಂತಿರಲಿ.
* ಸೀಸನ್ ಬೇರೆ ಬೇರೆ ಇರುವ ಕೆಲಸಗಳನ್ನು ಜೋಡಿಸಿ.
* ಒಂದು ನೆಲೆಗೆ ನಿಲ್ಲುವವರೆಗೆ ಇನ್ನೊಂದಕ್ಕೆ ಕೈಹಾಕಬೇಡಿ.
* ಪ್ರತಿ ಕೆಲಸಕ್ಕೂ ಬೇರೆ ಪುಟ, ಹಿಡಿದ ಗಂಟೆಯನ್ನೂ ಬರೆಯಿರಿ.
* ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲಿರಲಿ, ಪಾಸ್‌ಬುಕ್ ನಿಮ್ಮ ಕೈಯಲ್ಲಿರಲಿ.
* ಗಳಿಸಿದ್ದರಲ್ಲಿ ಮೊದಲು ಉಳಿತಾಯ, ಆಮೇಲೆ ಖರ್ಚು.
* ವರ್ಷಕ್ಕೊಮ್ಮೆ, ಯುಗಾದಿಗೆ ಅಂತಿಟ್ಟುಕೊಳ್ಳಿ, ಯಾವುದು ಇರಲಿ ಯಾವುದು ಬಿಡಲಿ ಎಂದು ಕೂತು ಯೋಚಿಸಿ.

ಇವತ್ತೇ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿರುವ ಖಾಲಿ ಹಾಳೆ ಹುಡುಕಿ. ನಿಮಗೆ ಬರುವ ಕೆಲಸಗಳನ್ನೆಲ್ಲ ಒಂದರ ಕೆಳಗೊಂದು ಬರೆಯಿರಿ. ರಂಗೋಲಿ, ಹೊಲಿಗೆ, ಹಾಡು, ಲೆಕ್ಕ, ಅಡುಗೆ, ಹಿಂದಿ ಪಾಠ... ಯಾವುದನ್ನೂ ಸಣ್ಣದೆಂದು ಬಿಡಬೇಡಿ. ಅದರಲ್ಲಿ ರಾಗಿ ಯಾವುದು, ಅವರೆ ಯಾವುದು ಎಂದು ಗುರುತು ಹಾಕಿ. ಬಿತ್ತನೆ ಅಲ್ಲಿಂದಲೇ ಶುರುವಾಗಲಿ!